ಎರಡು ಬೆಲ್ ಅಂದ್ರೆ ರೈಟ್

ಜೂನ್ 3, ಸೋಮವಾರ

ಪುಸ್ತಕ ಬಂತು! ದಪ್ಪನೆಯ ಕಾದಂಬರಿ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅದನ್ನು ಓದುವ ದನಿ ನನ್ನದು. ಎಂಟು ವರ್ಷ ಕಾಲ್ ಸೆಂಟರಿನಲ್ಲಿ ಕೂತು "ದಯವಿಟ್ಟು ಲೈನಿನಲ್ಲೇ ಇರಿ" ಎಂದು ಹೇಳಿ ಹೇಳಿ ಸವೆದ ದನಿ ಎಂದು ಎಲ್ಲರೂ ಅಂದರು. ಸವೆದಿಲ್ಲ, ಪಳಗಿದೆ ಎಂದು ನಾನು ಅಂದೆ. ಈಗ ಆಡಿಯೋ ಪುಸ್ತಕದ ಕಂಪನಿಯವರೇ ನನ್ನನ್ನು ಹುಡುಕಿಕೊಂಡು ಬಂದಿದ್ದಾರೆ. ಬಂದದ್ದು ನಾನು ಮೇಲಿಂದ ಮೇಲೆ ಮಾದರಿ ಕಳಿಸಿ ಪ್ರಾಣ ತಿಂದ ಮೇಲೆ, ಅದು ಬೇರೆ ಮಾತು. ಬಂದರಲ್ಲ!

ಇದೊಂದು ಪುಸ್ತಕ ಪಾಸಾದರೆ ಅವರ ಕಾಯಂ ಓದುಗರ ಪಟ್ಟಿಗೆ ನಾನು. ಪಾಸಾಗದಿದ್ದರೆ ನಮ್ಮ ಯಜಮಾನರಿಗೆ ಕೊಟ್ಟ ಮಾತಿನಂತೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ. ಅಲ್ಲಿ ಮುಂದಿನ ಮೇಜಿನ ಕೆಲಸ ಖಾಲಿ ಇದೆಯಂತೆ, ಅಕ್ಕ ಮಾತಾಡಿ ತಿಂಗಳ ಕೊನೆಯವರೆಗೆ ಹಿಡಿದಿಟ್ಟಿದ್ದಾಳೆ. "ಹೊರಗೆ ಹೋಗಿ ಬಂದ ಹಾಗೂ ಆಗುತ್ತೆ ಕಣೇ, ಮನೇಲಿ ಸುಮ್ನೆ ಇದ್ದು ಏನ್ ಮಾಡ್ತೀಯ?" ಅಂದಳು.

ಸುಮ್ನೆ! ಆ ಶಬ್ದ ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಎದುರು ಮನೆಯಾಕೆ ಪಾರ್ಸೆಲ್ ತಂದವನಿಗೆ "ಅವರ ಮನೇಲಿ ಕೊಡಿ, ಅವರು ಸುಮ್ನೆ ಇರ್ತಾರೆ" ಅನ್ನುತ್ತಾಳೆ. ಇವರು ಬೆಳಿಗ್ಗೆ ಸ್ಕೂಟರ್ ಹತ್ತುತ್ತಾ "ಸುಮ್ನೆ ಇರ್ತೀಯಲ್ಲ, ನನ್ನ ಅಂಗಿಗೊಂದು ಗುಂಡಿ ಹಾಕಿಡು" ಅನ್ನುತ್ತಾರೆ. ಮಾವನಂತೂ ಕೇಳಬೇಡಿ. ಜೀವಮಾನವೆಲ್ಲ ಬಸ್ ಕಂಡಕ್ಟರ್ ಆಗಿದ್ದು ಈ ವರ್ಷ ನಿವೃತ್ತರಾದವರು. ನಾನು ರೆಕಾರ್ಡಿಂಗಿಗೆ ಕೂತಾಗ ಬಾಗಿಲು ತಟ್ಟಿ, "ಸುಮ್ನೆ ಕೂತಿದೀಯಾ, ಟೀ ಇಡ್ತೀಯಾ?" ಅನ್ನುತ್ತಾರೆ.

ನನ್ನ ಸುಮ್ನೆ ಹೇಗಿರುತ್ತದೆ ಎಂದು ಇಲ್ಲಿ ಬರೆದಿಡುತ್ತೇನೆ. ಎದ್ದ ಕೂಡಲೆ ಬಿಸಿನೀರು, ಹಾಲು ಹಾಕಿದ ಟೀ ಬಂದ್, ಕಫ ಕಟ್ಟುತ್ತದೆ. ಹೊಟ್ಟೆ ಗುರ್ ಅಂದರೂ ಮೈಕು ಹಿಡಿಯುತ್ತದೆ, ಅದಕ್ಕೆ ಒಂದು ಬಾಳೆಹಣ್ಣು. ಬಳೆ ತೆಗೆದಿಡಬೇಕು, ತೊಳೆದು ತೊಳೆದು ಮೆತ್ತಗಾದ ನೈಟಿ ಹಾಕಬೇಕು, ಗಂಜಿ ಹಾಕಿದ ಬಟ್ಟೆ ಸರಬರ ಅನ್ನುತ್ತದೆ. ಫ್ಯಾನ್ ಬಂದ್, ಫ್ರಿಜ್ ಬಂದ್. ಆಮೇಲೆ ಮಲಗುವ ಕೋಣೆಯ ಬಟ್ಟೆ ಬೀರು. ಕೆಳಗಿನ ಹಲಗೆ ಕೀಳಿಸಿ ಸ್ಟೂಲು ಹಾಕಿದ್ದೇನೆ, ಸುತ್ತಲೂ ಕಂಬಳಿ ಹೊಡೆದಿದ್ದೇನೆ. ಒಳಗೆ ಕೂತು ಬಾಗಿಲು ಎಳೆದುಕೊಂಡರೆ ನನ್ನ ಆಫೀಸು ಶುರು. ಬೆವರು ಧಾರಾಳ.

ಇವತ್ತು ಮೊದಲ ಅಧ್ಯಾಯ ಮುಗಿಸಿದೆ. ಚೆನ್ನಾಗಿ ಓದಿದ್ದೇನೆ. ನನಗೇ ಗೊತ್ತಾಗುತ್ತದೆ.

ಜೂನ್ 5, ಬುಧವಾರ

ವಾಪಸ್ಸು ಬಂತು.

ಕಂಪನಿಯಲ್ಲಿ ರೆಕಾರ್ಡಿಂಗ್ ತಿದ್ದುವ ಹೆಂಗಸಿಗೆ ನಾನು ಕಿವಿಯಮ್ಮ ಎಂದು ಹೆಸರಿಟ್ಟಿದ್ದೇನೆ. ಆಕೆಗೆ ಇರುವೆ ನಡೆದದ್ದೂ ಕೇಳಿಸುತ್ತದೆ. ಫೋನ್ ಮಾಡಿ, "ಮೇಡಂ, ದನಿ ಚೆನ್ನಾಗಿದೆ. ಆದ್ರೆ ಕಥಾನಾಯಕಿ ಅಳ್ತಾ ಇರೋ ಹೊತ್ತಿಗೆ ಹಿಂದೆ ಯಾರೋ 'ಈರುಳ್ಳಿ ಕೊಳೆತಿದೆ ಕಣಯ್ಯಾ' ಅಂತಿದಾರೆ" ಅಂದಳು.

ಯಾರೋ ಯಾಕೆ, ನಮ್ಮ ಮಾವ! ಎರಡು ಬಾಗಿಲು, ಮೂರು ಕಂಬಳಿ ದಾಟಿ ಬಂದಿದೆ ಆ ದನಿ. ತುಂಬಿದ ಬಸ್ಸಿನಲ್ಲಿ ಕೊನೆಯ ಸೀಟಿಗೆ ಮುಟ್ಟಿಸಿ ಅಭ್ಯಾಸ, ಮೆಲ್ಲಗೆ ಅನ್ನುವುದು ಅವರ ಮೈಯಲ್ಲೇ ಇಲ್ಲ. ಹಾಲಿಗೆ ಹೋಗಿ ಹೇಳಿದೆ. ಹೇಳಿದೆ ಏನು, ಸರಿಯಾಗಿ ಕೂಗಾಡಿದೆ.

"ಅದಕ್ಯಾಕಮ್ಮ ಅಷ್ಟೊಂದು? ಇನ್ನೊಂದ್ಸಲ ಓದಿದ್ರಾಯ್ತು. ಸುಮ್ನೆ ಓದೋದು ತಾನೆ?" ಅಂದರು.

ಮತ್ತೆ ಸುಮ್ನೆ. ಹಲ್ಲು ಕಚ್ಚಿಕೊಂಡು ಒಳಗೆ ಬಂದೆ.

ಜೂನ್ 6, ಗುರುವಾರ

ಮಾವನ ಜೊತೆ ಮಾತಿಲ್ಲ. ಅಧ್ಯಾಯ ಮತ್ತೆ ಓದಿ ಕಳಿಸಿದೆ, ಮೊದಲಿಗಿಂತ ಚೆನ್ನಾಗಿ.

ಜೂನ್ 10, ಸೋಮವಾರ

ಈ ಕಸುಬಿನವರೆಲ್ಲ ಮಾಡುವ ಒಂದು ಉಪಾಯವಿದೆ. ಫ್ರಿಜ್ ಬಂದ್ ಮಾಡಿದಾಗ ಮನೆಯ ಯಾವುದಾದರೂ ಮುಖ್ಯ ಕೀಯನ್ನು ಫ್ರಿಜ್ಜಿನೊಳಗೇ ಇಡುವುದು. ಕೀ ಬೇಕಾದಾಗ ಫ್ರಿಜ್ ತೆಗೆಯುತ್ತೇವೆ, ಆಗ ಮತ್ತೆ ಹಾಕುವ ನೆನಪಾಗುತ್ತದೆ. ನಾನು ಮನೆಬಾಗಿಲಿನ ಕೀ ಇಡುತ್ತೇನೆ. ಇವತ್ತು ಇವರು ರಜಾ ಹಾಕಿದ್ದು ಮರೆತು, ಮೇಜಿನ ಮೇಲಿದ್ದ ಇವರ ಸ್ಕೂಟರಿನ ಕೀಯನ್ನೇ ಇಟ್ಟುಬಿಟ್ಟೆ. ಮನುಷ್ಯ ಸೋಫಾ ಎತ್ತಿದರು, ಪ್ಯಾಂಟುಗಳನ್ನೆಲ್ಲ ಕೊಡವಿದರು, ಕೊನೆಗೆ ಬೀಗದವನನ್ನು ಕರೆಸುವ ಮಾತಾಡಿದರು. ನಾನು ಬೀರುವಿನಲ್ಲಿ ಮೂರನೇ ಅಧ್ಯಾಯ ಓದುತ್ತಿದ್ದೆ, ನನಗೇನೂ ಗೊತ್ತಿಲ್ಲ.

ಕೀ ಸಿಕ್ಕಿದ್ದು ಮಾವನಿಗೆ, ಟೀಗೆ ಹಾಲು ತೆಗೆಯಲು ಹೋದಾಗ. ಹಾಲಿನ ಪಕ್ಕದಲ್ಲಿತ್ತು. ಇವರು ಬೀರುವಿನ ಬಾಗಿಲು ತೆಗೆದು ನಿಂತರು.

"ಏನೇ ಇದು? ಸ್ಕೂಟರ್ ಕೆಟ್ಟೋಗತ್ತೆ ಅಂತ ಫ್ರಿಜ್ಜಲ್ಲಿಟ್ಯಾ?"

ಹಿಂದಿನಿಂದ ಮಾವ ಬಿದ್ದು ಬಿದ್ದು ನಕ್ಕರು. ಮಾತಿಲ್ಲ ಎಂಬುದು ಮರೆತು ನಾನೂ ನಕ್ಕೆ. ಆದರೆ ರಾಜಿಯಾಗಿಲ್ಲ, ಅದನ್ನಿಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ.

ಜೂನ್ 12, ಬುಧವಾರ

ಎರಡನೇ ಸಲ ವಾಪಸ್ಸು. ಈ ಸಲ ಮಾವನ ತಪ್ಪಲ್ಲ.

ಕಾದಂಬರಿಯಲ್ಲೊಬ್ಬ ಮುದಿ ಅಂಬಿಗನಿದ್ದಾನೆ. ದೋಣಿ ತುಂಬ ಜನ, ಹೊಳೆಗೆ ಸೆಳವು, ಎಲ್ಲರೂ ಗಾಬರಿಯಾಗಿ ಒಂದೇ ಪಕ್ಕಕ್ಕೆ ನುಗ್ಗುತ್ತಾರೆ. ಆಗ ಅವನು ಕೂಗಬೇಕು: "ಈ ಕಡೆ ಬನ್ನಿ! ಎಲ್ಲರೂ ಈ ಕಡೆ ಸರೀರಿ!" ಇಡೀ ಪುಸ್ತಕದಲ್ಲಿ ಮತ್ತೆ ಮತ್ತೆ ಬರುವ ಕೂಗು ಅದು. ಕೊನೆಯ ಅಧ್ಯಾಯವಂತೂ ಆ ಕೂಗಿನ ಮೇಲೇ ನಿಂತಿದೆ.

"ಬೇಜಾರು ಮಾಡ್ಕೋಬೇಡಿ ಮೇಡಂ. ನಿಮ್ಮ ಅಂಬಿಗ ಕಾಲ್ ಸೆಂಟರಿನಲ್ಲಿ ಕೂತ ಹಾಗಿದಾನೆ. 'ಈ ಕಡೆ ಬನ್ನಿ' ಅಂದ್ರೆ 'ಹಿಂದಿನ ಮೆನುಗೆ ಹೋಗಲು ಒಂದನ್ನು ಒತ್ತಿ' ಅಂದ ಹಾಗೆ ಕೇಳುತ್ತೆ" ಅಂದಳು ಕಿವಿಯಮ್ಮ. ಇನ್ನೊಂದು ಸಲ ವಾಪಸ್ಸಾದರೆ ಮೇಲಿನವರು ಪುಸ್ತಕವನ್ನು ಬೇರೆಯವರಿಗೆ ಕೊಡುತ್ತಾರಂತೆ. ಅಂಬಿಗನ ಕೂಗುಗಳನ್ನೆಲ್ಲ ಕೊನೆಗೆ ಒಟ್ಟಿಗೆ ಓದಿ ಕಳಿಸಿ, ಸೇರಿಸಿಕೊಳ್ಳುತ್ತೇನೆ ಎಂದಳು. ಒಳ್ಳೆಯವಳೇ. ಆದರೂ ಫೋನ್ ಇಟ್ಟ ಮೇಲೆ ಅವಳನ್ನು ಚೆನ್ನಾಗಿ ಬೈದೆ.

ಇವರಿಗೆ ಹೇಳಿದರೆ, "ಸಾಕು ಬಿಡು, ಕ್ಲಿನಿಕ್ಕಿಗೆ ಹೋಗು. ಅಲ್ಲಾದ್ರೆ ಫ್ಯಾನಾದ್ರೂ ಇರುತ್ತೆ" ಅಂದರು. ಒಳ್ಳೆಯದಕ್ಕೇ ಅಂದದ್ದು, ಗೊತ್ತು. ನಾನು ಮೈಮೇಲೆ ಬಂದವಳ ಹಾಗೆ ಮಾತಾಡಿದೆ. ನನ್ನ ಕೈಲಿ ಆಗುವ ಕೆಲಸ ಇದು, ಇದನ್ನು ಬಿಟ್ಟು ಯಾರದೋ ಹಲ್ಲುನೋವಿನ ಮುಂದೆ ನಗುತ್ತಾ ಕೂರಲಾರೆ ಎಂದೆ. ಕಣ್ಣಲ್ಲಿ ನೀರು ಬಂತು. ಬೆವರು ಎಂದು ಒರೆಸಿಕೊಂಡೆ.

ಮಾವ ಹಾಲಿನಲ್ಲಿ ಪೇಪರ್ ಹಿಡಿದು ಕೂತಿದ್ದರು. ಪೇಪರ್ ತಲೆಕೆಳಗಾಗಿತ್ತು.

ಜೂನ್ 13, ಗುರುವಾರ

ಬೆಳಿಗ್ಗೆ ನಾನು ಬಿಸಿನೀರು ಕುಡಿಯುವಾಗ ಮಾವ ಬಂದು, "ನಿನ್ನ ಆ ಬೀರುನಲ್ಲಿ ನಾನೊಂದು ಸಲ ಕೂರ್ಲಾ?" ಅಂದರು.

ಕೂರಿಸಿದೆ. ಹೆಡ್‌ಫೋನ್ ಹಾಕಿ ಬಾಗಿಲು ಮುಚ್ಚಿದೆ. ಸ್ವಲ್ಪ ಹೊತ್ತಿನ ಮೇಲೆ ಬೆವರಿಳಿಸಿಕೊಂಡು ಹೊರಗೆ ಬಂದರು. ಮುಖ ಒಂಥರಾ ಆಗಿತ್ತು.

"ಇದು ಮಧ್ಯಾಹ್ನದ ಟ್ರಿಪ್ಪಿಗಿಂತ ಸೆಖೆ ಕಣಮ್ಮ. ಅಡುಗೆಮನೆ ನಲ್ಲಿ ತೊಟ್ಟಿಕ್ಕೋದೂ ಕೇಳಿಸ್ತು. ಹಾಗಾದ್ರೆ ನಾನು ಕೆಮ್ಮೋದು?"

"ಕೆಮ್ಮೋದು, ಚಪ್ಪಲಿ ಎಳೆಯೋದು, ಈರುಳ್ಳಿ ಬೈಯೋದು, ಎಲ್ಲಾ ಮಾವ."

ಆಮೇಲೆ ಕುರ್ಚಿ ತಂದು ಕೋಣೆಯ ಬಾಗಿಲಲ್ಲಿ ಹಾಕಿದರು. "ಡ್ರೈವರ್ರಿಗೆ ಹಿಂದೇನಾಗ್ತಿದೆ ಅಂತ ಕಾಣಲ್ಲ. ಕಂಡಕ್ಟರ್ ನೋಡಿ ಬೆಲ್ ಹೊಡೀಬೇಕು. ಒಂದು ಬೆಲ್ ಅಂದ್ರೆ ಹೋಲ್ಡಾನ್. ಎರಡು ಬೆಲ್ ಅಂದ್ರೆ ರೈಟ್. ನಿಂಗೂ ಅದೇ ಬೇಕಾಗಿರೋದು."

ಯಾರಾದರೂ ಮೆಟ್ಟಿಲು ಹತ್ತುವುದು ಕಂಡರೆ ಬೀರುವಿನ ಮೇಲೆ ಒಂದು ಸಲ ಟಕ್. ನಾನು ನಿಲ್ಲಿಸುವುದು. ಸದ್ದೆಲ್ಲ ಅಡಗಿದ ಮೇಲೆ ಟಕ್ ಟಕ್. ನಾನು ಹೊರಡುವುದು.

ನೋಡೋಣ ಎಂದೆ. ಎರಡು ದಿನಕ್ಕೆ ಬೇಜಾರಾಗಿ ಎದ್ದು ಹೋಗುತ್ತಾರೆ, ಪಂಥ ಬೇಕಾದರೂ ಕಟ್ಟುತ್ತೇನೆ.

ಜೂನ್ 18, ಮಂಗಳವಾರ

ಎದ್ದು ಹೋಗಿಲ್ಲ. ಬೆಳಿಗ್ಗೆ ನನಗಿಂತ ಮುಂಚೆ ಸ್ನಾನ ಮುಗಿಸಿ, ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿ ಕುರ್ಚಿ ಹಿಡಿಯುತ್ತಾರೆ. ಚಪ್ಪಲಿ ಬಿಟ್ಟು ಕಾಲುಚೀಲ ಹಾಕಿಕೊಂಡಿದ್ದಾರೆ. ನನಗೇ ಗಡಿಬಿಡಿಯಾಗುವಷ್ಟು ಶಿಸ್ತು. ಮೊನ್ನೆ ನಾನು ಸ್ವಲ್ಪ ತಡವಾಗಿ ಬಂದರೆ ಗಡಿಯಾರ ನೋಡಿ "ಹ್ಞೂಂ" ಅಂದರು.

ಮಹಡಿ ಮನೆಯಲ್ಲಿ ಗೋಡೆ ಕೊರೆಯುವುದು ಶುರುವಾದಾಗ ನನ್ನ ಜೀವವೇ ಹೋಯಿತು. ಒಂದು ಟಕ್. ಕಾದೆ. ಅಷ್ಟರಲ್ಲಿ ಮಾವ ಮೇಲೆ ಹೋಗಿ ಏನು ಹೇಳಿದರೋ, ಕೊರೆಯುವವನು ಊಟದ ಹೊತ್ತಿನವರೆಗೆ ಸುಮ್ಮನಾದ. "ಏನಂದ್ರಿ ಮಾವ?" ಅಂದರೆ, "ಮುಂದೆ ಇಳಿಯೋರಿದಾರೆ, ಸ್ವಲ್ಪ ತಡ್ಕೊಳ್ಳಪ್ಪಾ ಅಂದೆ" ಅಂದರು. ಅವನಿಗೆ ಏನು ಅರ್ಥವಾಯಿತೋ ದೇವರಿಗೇ ಗೊತ್ತು.

ಕಿವಿಯಮ್ಮನಿಗೂ ಈ ಟಕ್ ಟಕ್ ಹಿಡಿಸಿದೆ. "ಎಲ್ಲಿ ನಿಂತಿದೀರಿ, ಎಲ್ಲಿ ಶುರು ಮಾಡಿದೀರಿ ಅಂತ ಕಂಪ್ಯೂಟರಲ್ಲಿ ಸದ್ದಿನ ಗೆರೆಯಲ್ಲೇ ಕಾಣ್ಸುತ್ತೆ, ಕತ್ತರಿಸೋಕೆ ಸುಲಭ. ಒಳ್ಳೇ ಪದ್ಧತಿ ಮಾಡ್ಕೊಂಡಿದೀರಿ ಮೇಡಂ" ಅಂದಳು. ಹೌದು, ನಾನು ಮಾಡಿಕೊಂಡ ಪದ್ಧತಿ. ಮಾವನನ್ನು ಪಳಗಿಸುವುದು ಸಣ್ಣ ಕೆಲಸವೇ? ಇವರಿಗೆ ಹೇಳಿ ಹೆಮ್ಮೆಪಟ್ಟೆ.

ಇನ್ನು ಕೆಲವು ಅಧ್ಯಾಯ, ಅಂಬಿಗನ ಕೂಗುಗಳು ಬಾಕಿ. ಕನ್ನಡಿ ಮುಂದೆ ನಿಂತು ಕೂಗಿ ನೋಡಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ. ಥೂ.

ಜೂನ್ 24, ಸೋಮವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಕೊನೆಯ ಅಧ್ಯಾಯಕ್ಕೆ ಕೂತಿದ್ದೆ. ಓದು ಎಂದರೆ ಓದು, ಒಂದು ತೊದಲಿಲ್ಲ, ಒಂದು ಉಗುಳು ನುಂಗಿದ್ದಿಲ್ಲ. ದೋಣಿ ನಡುಹೊಳೆಗೆ ಬಂದಿದೆ, ಜನ ಗಾಬರಿಯಾಗಿದ್ದಾರೆ, ನನ್ನ ಮೈಮೇಲೆ ನನಗೇ ಮುಳ್ಳೆದ್ದಿದೆ. ಆಗ ಹೊರಗಿನಿಂದ ಮಾವನ ದನಿ. ಕೆಮ್ಮಲ್ಲ, ಪಿಸುಮಾತಲ್ಲ, ಬಸ್ ನಿಲ್ದಾಣದ ದನಿ. ಇಡೀ ಟೇಕ್ ಹಾಳು.

ಬೀರುವಿನಿಂದ ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಮಾವ ಆಗಷ್ಟೇ ಮುಂಬಾಗಿಲು ಹಾಕಿ ಬರುತ್ತಿದ್ದರು, ಮುಖ ಕೆಂಪಾಗಿತ್ತು.

"ಬೆಲ್ ಹೊಡೆಯೋರೇ ಹೀಗೆ ಬಾಯಿ ಬಿಟ್ರೆ ನಾನು ಯಾರ ಹತ್ರ ಹೇಳ್ಕೊಳ್ಳಲಿ ಮಾವ? ಶುಕ್ರವಾರ ಪುಸ್ತಕ ಮುಗಿಸಿ ಕೊಡೋಕೆ ಕೊನೇ ದಿನ. ನಿಮಗೆ ಇದು ಆಟ ಇರಬಹುದು, ನನಗಲ್ಲ!"

"ತಪ್ಪಾಯ್ತಮ್ಮ" ಅಂದರು. ಅಷ್ಟೇ. ಕುರ್ಚಿ ಎತ್ತಿಕೊಂಡು ಹಾಲಿಗೆ ಹೋದರು.

ಎಲ್ಲಿಂದ ಕತ್ತರಿಸಬೇಕು ಎಂದು ನೋಡಲು ಹೆಡ್‌ಫೋನ್ ಹಾಕಿ ಕೇಳಿದೆ. ದನಿ ಏರಿಸಿ ಕೇಳಿದರೆ ಹಿಂದಿನದೆಲ್ಲ ಬಿಡಿಸಿ ಬಿಡಿಸಿ ಕೇಳಿಸುತ್ತದೆ. ಎದುರು ಮನೆಯಾಕೆ ಬಂದಿದ್ದಾಳೆ. ವಾಷಿಂಗ್ ಮೆಷಿನ್ ರಿಪೇರಿಯವನು ಬರುತ್ತಾನಂತೆ, ಅವಳು ಹೊರಗೆ ಹೊರಟಿದ್ದಾಳಂತೆ.

"ನಿಮ್ಮ ಸೊಸೆ ಸ್ವಲ್ಪ ನಮ್ಮನೇಲಿ ಬಂದು ಕೂತಿರ್ಲಿ. ಹೇಗೂ ಮನೇಲಿ ಸುಮ್ನೆ ಇರ್ತಾಳಲ್ಲ."

ಮಾವ ಮೆಲ್ಲಗೆ, ನಿಜವಾಗಲೂ ಮೆಲ್ಲಗೆ: "ಆಗಲ್ಲಮ್ಮ. ಕೆಲಸದಲ್ಲಿದಾಳೆ."

"ಅಯ್ಯೋ, ಪುಸ್ತಕ ಓದೋದು ಅದೇನು ಕೆಲಸ! ಸುಮ್ನೆ ಹೊತ್ತು ಕಳೆಯೋಕೆ..."

ಆಗ ಬಂತು ಆ ದನಿ.

"ಏನ್ರೀ ಸುಮ್ನೆ? ಯಾರ್ರೀ ಹೇಳಿದ್ದು ಸುಮ್ನೆ ಅಂತ? ಆ ಬೀರುನಲ್ಲಿ ನೀವೊಂದ್ ಸಲ ಕೂತು ನೋಡಿ! ಜೀವಮಾನ ಎಲ್ಲಾ ನಾನು ಬಸ್ಸಲ್ಲಿ ಕೂಗಿದೀನಿ, ನನ್ನ ದನಿ ಕೇಳ್ಬೇಕು ಅಂತ ಒಬ್ರೂ ಬಸ್ ಹತ್ತಲಿಲ್ಲ. ನಮ್ಮ ಸೊಸೆ ದನೀನ ಜನ ಬೇಕು ಅಂತ ಕೇಳ್ತಾರೆ. ಈ ಮನೇಲಿ ಸುಮ್ನೆ ಇರೋದು ನಾನು. ಅವಳಲ್ಲ!"

ಕೇಳಿ ಅತ್ತೆ. ಬೀರುವಿನಲ್ಲಿ ಕೂತು, ಕಂಬಳಿಗೆ ಮುಖ ಒತ್ತಿ, ಮನಸ್ಸು ತುಂಬ ಅತ್ತೆ. ಇಷ್ಟು ದಿನ ಆ ಕುರ್ಚಿಯ ಮೇಲೆ ಯಾರು ಕೂತಿದ್ದರು ಎಂದು ನಾನು ನೋಡಿಯೇ ಇರಲಿಲ್ಲ.

ಕೆಟ್ಟ ಟೇಕುಗಳನ್ನು ಅಂದಂದೇ ಅಳಿಸುವುದು ನನ್ನ ರೂಢಿ. ಇದೊಂದನ್ನು ಅಳಿಸಿಲ್ಲ.

ಇನ್ನೊಂದು ಸಂಗತಿ. ಮೂರನೇ ಸಲ ಕೇಳುವಾಗ ಕಣ್ಣು ಒಣಗಿತ್ತು, ಕಿವಿ ಮಾತ್ರ ಎಚ್ಚರವಿತ್ತು. ಆ ದನಿ ಕಿರುಚುತ್ತಿಲ್ಲ. ಕೆಳಗಿನಿಂದ ಎದ್ದು ಬಂದು, ಕೊನೆಯಲ್ಲಿ ಎತ್ತಿ ಒಗೆಯುತ್ತದೆ. ಸಿಟ್ಟಿಗಿಂತ ಹೆಚ್ಚಾಗಿ ಜವಾಬ್ದಾರಿ ಕೇಳಿಸುತ್ತದೆ. ನನ್ನ ಅಂಬಿಗ ಎರಡು ವಾರದಿಂದ ಕೋಣೆಯ ಬಾಗಿಲಲ್ಲೇ ಕೂತಿದ್ದ.

ಜೂನ್ 25, ಮಂಗಳವಾರ

ಬೆಳಿಗ್ಗೆ ಮಾವ ಹಾಲಿನಲ್ಲೇ ಇದ್ದರು. ಮಾಸಲು ಅಂಗಿ, ತಲೆ ಬಾಚಿಲ್ಲ.

"ಮಾವ, ಸುಮ್ನೆ ಇದೀರಾ?"

"ಹ್ಞೂಂ, ಸುಮ್ನೇ ಇದೀನಿ."

"ಹಾಗಾದ್ರೆ ಎದ್ದು ಬನ್ನಿ. ಡ್ಯೂಟಿ ಇದೆ."

ರೆಕಾರ್ಡಿಂಗಿನಲ್ಲಿ ಎಲ್ಲಾ ಬಿದ್ದಿದೆ ಎಂದೆ. "ಎಲ್ಲಾನಾ?" ಅಂದರು. ಎಲ್ಲಾ ಎಂದೆ. ಕಿವಿಯವರೆಗೂ ಕೆಂಪಾದರು, ಅಂಗಿ ಬದಲಿಸಿ ಬರುತ್ತೇನೆ ಎಂದು ಎದ್ದು ಹೋದರು.

ಅವರಿಂದಲೇ ಆ ಕೂಗು ಕೂಗಿಸೋಣ ಎಂದು ಮೈಕಿನ ಮುಂದೆ ಕೂರಿಸಿದೆ. ನಗು ಬರುತ್ತದೆ, ಆ ದನಿ ಬೆಕ್ಕಿನ ಮರಿಯಾಗಿಬಿಟ್ಟಿತು! "ಈ ಕಡೆ... ಬನ್ನಿ..." ಅನ್ನುವಷ್ಟರಲ್ಲಿ ಉಸಿರೇ ಹೋಯಿತು. "ಮುಂದೆ ಜನ ಇಲ್ವಲ್ಲಮ್ಮ, ಯಾರಿಗೆ ಅಂತ ಕೂಗ್ಲಿ?" ಅಂದರು. ಕಾಣದ ಜನರಿಗೆ ಓದುವುದು ನನ್ನ ಕಸುಬು, ಎಲ್ಲರಿಗೂ ಬರುವುದಿಲ್ಲ. ಕಂಡ ಜನರನ್ನು ಅಲ್ಲಾಡಿಸುವುದು ಅವರದು. ಅದನ್ನು ಹೇಳಿಕೊಡಿ ಎಂದೆ.

"ಗಂಟಲಿಂದ ಬೇಡ, ಸಂಜೆಗೆ ಕೈ ಕೊಡುತ್ತೆ. ಹೊಟ್ಟೆಯಿಂದ ತೆಗಿ. ಕೊನೇ ಸೀಟಲ್ಲಿ ಒಬ್ಬ ನಿದ್ದೆ ಮಾಡ್ತಿರ್ತಾನೆ, ಅವನ ಸ್ಟಾಪ್ ಬಂದಿದೆ, ಅವನಿಗೆ ಕೂಗು. ಬೈಬೇಡ. ಬೈದ್ರೆ ಯಾರೂ ಸರಿಯಲ್ಲ. ನಿನ್ನ ಇಳಿಸೋವರೆಗೂ ನಾನಿದೀನಿ ಅನ್ನೋ ಹಾಗೆ ಕೂಗು."

ಹಾಲಿನ ಆ ತುದಿಯಲ್ಲಿ ನಿಂತರು, ನಾನು ಈ ತುದಿಯಲ್ಲಿ. ಕೂಗಿದೆ. ತಲೆ ಅಡ್ಡಡ್ಡ ಆಡಿಸಿದರು. ಮತ್ತೆ ಕೂಗಿದೆ. ಮಧ್ಯಾಹ್ನದ ಹೊತ್ತಿಗೆ, ಏನಾಯಿತೋ, ಹೊಟ್ಟೆಯಿಂದಲೇ ಬಂತು. ಮಾವ ನಿಂತಲ್ಲಿಂದ ಪಕ್ಕಕ್ಕೆ ಸರಿದರು. ಆಮೇಲೆ ತಾನು ಸರಿದದ್ದು ಗೊತ್ತಾಗಿ ಗಟ್ಟಿಯಾಗಿ ನಕ್ಕರು.

ಸೀದಾ ಬೀರುವಿಗೆ ಹೋದೆ. ಟಕ್ ಟಕ್. ಕೊನೆಯ ಅಧ್ಯಾಯ, ಅಂಬಿಗನ ಎಲ್ಲ ಕೂಗು, ಸಂಜೆಯೊಳಗೆ ಮುಗಿಯಿತು.

ಕೊನೆಯಲ್ಲಿ ಖಾಲಿ ಕೋಣೆಯ ಮೌನವನ್ನೂ ಒಂದಿಷ್ಟು ಹಿಡಿದು ಕಳಿಸಬೇಕು, ಕತ್ತರಿಸಿದ ಜಾಗಗಳಿಗೆ ಹೊಲಿಗೆ ಹಾಕಲು ಕಿವಿಯಮ್ಮನಿಗೆ ಬೇಕಾಗುತ್ತದೆ. "ಏನೂ ಮಾತಾಡ್ದೆ ಅದೇನು ರೆಕಾರ್ಡ್ ಮಾಡ್ತೀಯ?" ಅಂದರು ಮಾವ. "ಸುಮ್ನೆ ಇರೋದನ್ನ" ಎಂದೆ. "ಅದಕ್ಕೂ ಕೆಲಸ ಇದೆಯಾ!" ಎಂದು, ಉಸಿರು ಬಿಗಿಹಿಡಿದು ಕೂತರು.

ಜೂನ್ 28, ಶುಕ್ರವಾರ

ಪಾಸ್!

ಕಿವಿಯಮ್ಮ ಬೆಳಿಗ್ಗೆಯೇ ಫೋನ್ ಮಾಡಿದಳು. ಸ್ಪೀಕರಿಗೆ ಹಾಕಿದೆ, ಮಾವನಿಗೂ ಇವರಿಗೂ ಕೇಳಲಿ ಎಂದು.

"ಮೇಡಂ, ಒಂದು ನಿಜ ಹೇಳ್ಲಾ? ನಿಮ್ಮ ಅಂಬಿಗ ಕೂಗಿದಾಗ ನಾನು ಕುರ್ಚೀಲಿ ಪಕ್ಕಕ್ಕೆ ಸರಿದು ಕೂತೆ. ಎಲ್ಲಿ ಕಲಿತ್ರಿ ಇದನ್ನ?"

"ನಮ್ಮ ಮನೇಲೇ. ನಮ್ಮ ಮಾವನ ಹತ್ರ" ಎಂದೆ. ಹೇಳುವಾಗ ಎದೆ ಉಬ್ಬಿತು. ಮಾವ ಕಿಟಕಿಯ ಹೊರಗೆ ಏನೋ ಭಾರಿ ದೊಡ್ಡ ವಿಷಯ ನಡೆಯುತ್ತಿದೆಯೆಂಬಂತೆ ಅಲ್ಲೇ ನೋಡುತ್ತಾ ನಿಂತಿದ್ದರು.

ಕಾಯಂ ಪಟ್ಟಿಯಲ್ಲಿ ಹೆಸರು ಬಂದಾಯಿತು. ಮುಂದಿನ ಪುಸ್ತಕ ಸೋಮವಾರ. ನಾನು ಬಾಯಿ ತೆಗೆಯುವ ಮೊದಲೇ ಇವರು ಅಕ್ಕನಿಗೆ ಫೋನ್ ಹಚ್ಚಿದರು. "ಇಲ್ಲ ಅತ್ತಿಗೆ, ಕ್ಲಿನಿಕ್ಕಿಗೆ ಬೇಡ ಅಂದ್ಬಿಡಿ. ಅವಳಿಗೆ ಬಿಡುವಿಲ್ಲ." ಆ ಮಾತನ್ನು ಇನ್ನೊಮ್ಮೆ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳಬೇಕು ಅನಿಸಿತು.

ಜುಲೈ 1, ಸೋಮವಾರ

ಹೊಸ ಪುಸ್ತಕ. ಈ ಸಲ ಮಕ್ಕಳ ಕಥೆಗಳು, ಹುಲಿಗೊಂದು ದನಿ, ಆಮೆಗೊಂದು ದನಿ. ಆಮೆ ನನಗೆ ಸಲೀಸು. ಹುಲಿಗೆ ಮಾವನನ್ನು ಕೇಳಬೇಕು.

ಬೆಳಿಗ್ಗೆ ಪಾರ್ಸೆಲ್ ತಂದವನು ಬಾಗಿಲಲ್ಲಿ, "ರಿಟೈರಾಗಿ ಮನೇಲಿ ಸುಮ್ನೆ ಇದೀರಾ ಯಜಮಾನ್ರೆ?" ಎಂದು ಕೇಳಿದ. ಮಾವ ಬೆರಳನ್ನು ತುಟಿಗಿಟ್ಟು, "ಶ್! ಡ್ಯೂಟಿ ಮೇಲಿದೀನಿ" ಅಂದರು. ಪಿಸುದನಿಯಲ್ಲಿ. ಎದುರು ಮನೆಯವರ ಪಾರ್ಸೆಲ್ಲನ್ನು ತೆಗೆದುಕೊಳ್ಳಲೂ ಇಲ್ಲ.

ನೀರು, ಬಾಳೆಹಣ್ಣು, ಬಳೆ, ಫ್ರಿಜ್, ಕೀ. ಕೀ ಯಾವುದೆಂದು ಎರಡು ಸಲ ನೋಡಿ ಇಟ್ಟೆ. ಬೀರುವಿನೊಳಗೆ ಕೂತು ಬಾಗಿಲು ಎಳೆದುಕೊಂಡೆ. ಮೈಕು ಹಾಕಿದೆ, ಪುಸ್ತಕ ತೆರೆದೆ. ಆ ಹೊತ್ತಿಗೆ ಮಾವ ಕೆಳಗೆ ಯಾರನ್ನೋ ಗೇಟಿನಲ್ಲೇ ತಡೆಯಲು ಹೋಗಿದ್ದರು. ಮನೆಯೆಲ್ಲ ನಿಶ್ಶಬ್ದ. ಮೇಲೆ ಕೊರೆಯುವವನಿಲ್ಲ, ಬೀದಿಯಲ್ಲಿ ಹಾರ್ನ್ ಇಲ್ಲ, ನಲ್ಲಿ ಕೂಡ ತೊಟ್ಟಿಕ್ಕುತ್ತಿಲ್ಲ. ಇದಕ್ಕಿಂತ ಒಳ್ಳೆಯ ಹೊತ್ತು ಈ ಮನೆಯಲ್ಲಿ ಸಿಗುವುದಿಲ್ಲ. ಆದರೂ ಯಾಕೋ ಶುರು ಮಾಡಲಿಲ್ಲ. ಮೊದಲ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತೇ ಇದ್ದೆ.

ಕಾಲುಚೀಲದ ಹೆಜ್ಜೆ ಬಂತು. ಕುರ್ಚಿ ಎಳೆದ ಸದ್ದಾಯಿತು.

ಟಕ್ ಟಕ್.

ಓದಲು ಶುರು ಮಾಡಿದೆ.